ಕೊನೇ ಫೆರಿ ಎಷ್ಟಕ್ಕೆ?

ನಮ್ಮೂರ ಕಡೆ ಒಂದು ದಿನದ ಟ್ರಿಪ್ ಅಂದ್ರೆ ಮೊದಲ ಪ್ರಶ್ನೇನೇ "ಬೆಳಿಗ್ಗೆ ಎಷ್ಟಕ್ಕೆ ಬಿಡೋಣ" ಅಂತ. ನಾಲ್ಕಕ್ಕೆ ಅಂತ ಆಗುತ್ತೆ, ಆರೂವರೆಗೆ ಗಾಡಿ ಹೊರಡುತ್ತೆ, ವಾಪಸ್ ಬರೋ ಮಾತು ಯಾರೂ ಎತ್ತಲ್ಲ. ಜಪಾನಿನ ತಕಮತ್ಸುಲಿ ಲೆಕ್ಕ ಉಲ್ಟಾ, ಮೊದಲು ನೋಡೋದೇ ಕೊನೇ ಫೆರಿ ಎಷ್ಟಕ್ಕೆ ಅಂತ, ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬಂದ್ರೆ ಬೆಳಿಗ್ಗೆ ಏಳೋ ಟೈಮ್ ತಾನಾಗೇ ಸಿಗುತ್ತೆ.

ಶಿಕೋಕು ದ್ವೀಪದ ಉತ್ತರ ದಡದ ಊರಿದು. 1988ರಲ್ಲಿ ಸೆತೋ ಸೇತುವೆ ಆದ್ಮೇಲೆ ಆಚೆ ದಡದ ಒಕಾಯಾಮಾಗೆ ಟ್ರೈನಲ್ಲಿ ಒಂದು ಗಂಟೆ ಸಾಕು, ಆದ್ರೆ ಮಧ್ಯದ ದ್ವೀಪಗಳಿಗೆ ಈಗ್ಲೂ ಹಡಗೇ ಗತಿ. ನವೊಶಿಮಾಗೆ ಫೆರಿಲಿ 50 ನಿಮಿಷ. ಹೋಗೋದೇನೋ ಸಲೀಸು, ವಾಪಸ್ ಬರೋ ಕೊನೇದು ಸಂಜೆ ಐದರ ಸುಮಾರಿಗೇ ಹೊರಟುಬಿಡುತ್ತೆ. ಅದು ತಪ್ತು ಅಂದ್ರೆ ಆಚೆ ದಡದ ಉನೋಗೆ ಬೇರೆ ಫೆರಿ ಹಿಡಿದು, ಅಲ್ಲಿಂದ ಟ್ರೈನು, ಚಾಯಾಮಾಚಿಲಿ ಇಳಿದು ಇನ್ನೊಂದು ಟ್ರೈನು, ಆಮೇಲೆ ಸೇತುವೆ ದಾಟಿ ಮನೆ. ಎಲ್ಲಾ ಸೇರಿ ನಿಜಕ್ಕೂ ಚೆನ್ನಾಗಿರೋ ಸುತ್ತೇ, ಹಸಿವಾಗಿಲ್ದೆ ಇದ್ರೆ.

ಇದರ ಮೇಲೆ ರಜಾ ಬೇರೆ. ನವೊಶಿಮಾದ ಮ್ಯೂಸಿಯಂಗಳು ಹೆಚ್ಚುಕಮ್ಮಿ ಎಲ್ಲಾ ಸೋಮವಾರ ಬಂದ್, ಪಕ್ಕದ ತೆಶಿಮಾದ ಮ್ಯೂಸಿಯಂ ಮಂಗಳವಾರ ಬಂದ್. ಸೋಮವಾರ ಸರ್ಕಾರಿ ರಜಾ ಬಂದ್ರೆ ನವೊಶಿಮಾದ್ದು ಅವತ್ತು ತೆಗೆದು ಮಾರನೇ ದಿನ ಮುಚ್ಚುತ್ತಾರೆ, ಪಂಚಾಂಗ ನೋಡಿ ಮುಹೂರ್ತ ಇಟ್ಟ ಹಾಗೆ ಕ್ಯಾಲೆಂಡರ್ ಹಿಡ್ಕೊಂಡು ಕೂತ್ಕೋಬೇಕು. ನನ್ನ ವಾರದ ರಜಾನೋ, ಸೋಮವಾರನೇ! ಕಲಾವಿದೆ ಕುಸಾಮಾ ಯಾಯೋಯಿ ಅವರ ಹಳದಿ ಕುಂಬಳಕಾಯಿ ಶಿಲ್ಪ ಮಾತ್ರ ಸಮುದ್ರದ ದಡದಲ್ಲಿ ಬಯಲಲ್ಲಿ ಕೂತಿದೆ, ಅದನ್ನ ಸೋಮವಾರನೂ ನೋಡಬಹುದು. 2021ರ ಚಂಡಮಾರುತ ಅದನ್ನೇ ಎತ್ಕೊಂಡು ಹೋಗಿತ್ತು, ಮರುವರ್ಷ ಹೊಸದು ಮಾಡಿ ಅಲ್ಲೇ ಕೂರಿಸಿದ್ರು.

ಹಾಗಾಗಿ ನನಗೆ ಗಿಟ್ಟೋದು ಬೆಟ್ಟದ ಮೇಲಿನ ಕೊಂಪಿರಾ ಗುಡಿ. ದೇವರಿಗೆ ಸೋಮವಾರದ ರಜಾ ಇಲ್ಲ ನೋಡಿ. ಅದಿರೋ ಕೊತೊಹಿರಾ ಊರಿಗೆ ಕೊತೊದೆನ್ ಅನ್ನೋ ಲೋಕಲ್ ಟ್ರೈನಲ್ಲಿ ಒಂದು ಗಂಟೆ, ಆಮೇಲೆ ಮುಖ್ಯ ಗುಡಿವರೆಗೆ 785 ಮೆಟ್ಟಿಲು. ಕೆಳಗಿನ ಅಂಗಡಿಗಳಲ್ಲಿ ಬಿದಿರು ಕೋಲು ಕೊಡ್ತಾರೆ, ಇಳಿದು ಬಂದು ವಾಪಸ್ ಕೊಟ್ರಾಯ್ತು. ಮೊದಲ ನೂರು ಮೆಟ್ಟಿಲು ಅದನ್ನ ಸ್ಟೈಲಾಗಿ ಕಂಕುಳಲ್ಲಿ ಇಟ್ಕೊಂಡು ಹೋಗೋರೆಲ್ಲಾ ಆಮೇಲೆ ಮರ್ಯಾದೆಯಿಂದ ಊರ್ತಾರೆ.

ಇಲ್ಲೂ ಒಂದು ಗಡುವು ಇದೆ, ಉದೋನ್ ಅನ್ನೋ ದಪ್ಪ ಗೋಧಿ ನೂಡಲ್ಸ್ ಅಂಗಡೀದು. ಈ ಕಡೆ ಸುಮಾರು ಅಂಗಡಿ ಮಧ್ಯಾಹ್ನ ಎರಡಕ್ಕೆಲ್ಲಾ ಬಾಗಿಲು ಹಾಕುತ್ವೆ. ನನ್ನಂಥ ಸಸ್ಯಾಹಾರಿಗೆ ಇನ್ನೂ ಕಷ್ಟ, ಸಾರು ಮಾಡೋದು ಒಣಮೀನಲ್ಲಿ, ಬಿಸಿ ಉದೋನ್ ಮೇಲೆ ಬರೀ ಸೋಯಾ ಸಾಸ್, ಈರುಳ್ಳಿ ಸೊಪ್ಪು ಹಾಕ್ಸಿ ತಿನ್ನೋದು, ಆ ಸಾಸಲ್ಲಿ ಏನಿದೆ ಅಂತ ಕೇಳಬಾರದು. ಮುಖ್ಯ ಗುಡಿಗಿಂತ ಇನ್ನೂ ಮೇಲಿರೋ ಒಳಗುಡಿವರೆಗೆ ಹೋದ್ರೆ ಒಟ್ಟು 1368 ಮೆಟ್ಟಿಲು, ಅಷ್ಟು ಹತ್ತಿ ಇಳಿಯೋ ಹೊತ್ತಿಗೆ ಊಟ ಹೋಗುತ್ತೆ, ಮೊದಲೇ ಊಟ ಮಾಡಿದ್ರೆ ಹತ್ತಕ್ಕಾಗಲ್ಲ. ನಾನು 785ಕ್ಕೇ ಕೈ ಮುಗಿದು ಇಳಿಯೋ ಪೈಕಿ.