ಏನ್ಲಾ, ಕೆಲ್ಸದಿಂದ ತೆಗೆದ್ಬಿಟ್ರಾ?

ವರ್ಷಕ್ಕೊಮ್ಮೆ ತೆರೆಯುವ ಹಾಸನಾಂಬೆ ಗುಡಿಯ ಬಾಗಿಲು ಈ ಸಲ ತೆರೆದಾಗಲೇ ಸರಿಯಾಗಿ ರಜೆ ಸಿಕ್ಕಿತು, ಊರಿಗೆ ಬಂದೆ. ದರ್ಶನದ ಸಾಲಿನಲ್ಲಿ ನಿಂತಿದ್ದಾಗ ದೊಡ್ಡಪ್ಪ ಕೇಳಿದರು, "ಈಗ ಎಷ್ಟು ಜನ ನಿನ್ನ ಕೈಕೆಳಗೆ?" ಯಾರೂ ಇಲ್ಲ ಅಂದೆ. ಮ್ಯಾನೇಜರ್ ಕೆಲಸ ಬಿಟ್ಟಿದ್ದೇನೆ, ಹೈಸ್ಕೂಲ್ ಮೇಷ್ಟ್ರಾಗಲು ಓದುತ್ತಿದ್ದೇನೆ ಅಂದೆ. ಅವರು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿದರು. "ಏನ್ಲಾ, ಕೆಲ್ಸದಿಂದ ತೆಗೆದ್ಬಿಟ್ರಾ?"

ಇಲ್ಲ ದೊಡ್ಡಪ್ಪ, ನಾನೇ ಬಿಟ್ಟೆ. "ನೀನೇ ಬಿಡಕ್ಕೆ ಏನು ಬಂದಿತ್ತು?"

ಸಾಲು ನಾಲ್ಕು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿತ್ತು. ಸಂಜೆ ಅತ್ತೆ ಫೋನ್ ಮಾಡಿ ನನ್ನ ಹೆಂಡತಿಗೆ, "ದುಡ್ಡಿನ ತೊಂದ್ರೆ ಇದ್ರೆ ಮುಚ್ಚಿಡಬೇಡಿ" ಅಂದರಂತೆ.

ನಾನಿರುವ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಇದೇ ವಿಷಯ ಹೇಳಿದಾಗ ಆಫೀಸಿನವರು ಕೇಳಿದ್ದು ಒಂದೇ ಪ್ರಶ್ನೆ: ಯಾವ ಸಬ್ಜೆಕ್ಟ್? ಗಣಿತ ಅಂದೆ. ಅಯ್ಯೋ ಪಾಪ ಅಂತ ನಕ್ಕು ಕೇಕ್ ಕತ್ತರಿಸಿದರು. ಪಾಪ ಅಂದದ್ದು ಗಣಿತಕ್ಕೆ, ಕುರ್ಚಿ ಬಿಟ್ಟದ್ದಕ್ಕಲ್ಲ. ನನಗಿಂತ ಮೊದಲು ನಮ್ಮ ದೊಡ್ಡ ಬಾಸ್ ಹೀಗೇ ಬಿಟ್ಟು ಹೋಗಿದ್ದರು. ಇಡೀ ಫ್ಲೋರ್ ಅವರ ಮಾತಿಗೆ ಕಾಯುತ್ತಿತ್ತು. ಈಗ ಅವರು ಎಲೆಕ್ಟ್ರಿಷಿಯನ್ ಅಪ್ರೆಂಟಿಸ್. ನಮ್ಮ ಪಕ್ಕದ ಮನೆಗೆ ವೈರಿಂಗ್‌ಗೆ ಬಂದಿದ್ದಾಗ ನೋಡಿದೆ. ಮಗನ ವಯಸ್ಸಿನ ಹುಡುಗ ಏಣಿಯ ಮೇಲೆ, ಇವರು ಕೆಳಗೆ ನಿಂತು ವೈರಿನ ತುದಿ ಸುಲಿದು ಸುಲಿದು ಕೊಡುತ್ತಿದ್ದರು. ಒಂದು ಸಲ ಜಾಸ್ತಿ ಸುಲಿದರು ಅಂತ ಆ ಹುಡುಗ ಗದರಿದ. "ಸಾರಿ" ಅಂದು ಇನ್ನೊಂದು ವೈರ್ ತೆಗೆದುಕೊಂಡರು. ನನ್ನನ್ನು ನೋಡಿ ಕೈ ಬೀಸಿದರು, ಅಷ್ಟೇ. ಮುಜುಗರ ಆದದ್ದು ನನಗೆ.

ಆ ದೇಶದ ದೊಡ್ಡವರೂ ಹಾಗೇ. ಜಾನ್ ಕೀ ಮೂರು ಚುನಾವಣೆ ಗೆದ್ದಿದ್ದ ಪ್ರಧಾನಿ. 2016ರ ಡಿಸೆಂಬರ್‌ನಲ್ಲಿ ಸಾಕು ಅಂತ ಇಳಿದರು, ಆಮೇಲೆ ಬ್ಯಾಂಕೊಂದರ ಅಧ್ಯಕ್ಷರಾದರು. (ರಾಜಕೀಯಕ್ಕೆ ಮೊದಲು ಇದ್ದದ್ದೂ ಹಣದ ಲೋಕದಲ್ಲೇ, ಇರಲಿ.) 2023ರ ಜನವರಿಯಲ್ಲಿ ಜಸಿಂಡಾ ಆರ್ಡರ್ನ್ 42ನೇ ವಯಸ್ಸಿನಲ್ಲಿ ಪ್ರಧಾನಿ ಪಟ್ಟ ಬಿಟ್ಟರು. ಈ ಕೆಲಸಕ್ಕೆ ಬೇಕಾದಷ್ಟು ಟ್ಯಾಂಕಿನಲ್ಲಿ ಉಳಿದಿಲ್ಲ ಅಂದರು. ಅದೇ ವರ್ಷ ಫೆಲೋಶಿಪ್ ಮೇಲೆ ಹಾರ್ವರ್ಡ್‌ಗೆ ಹೋದರು. ನಮ್ಮಲ್ಲಿ ಸಹಕಾರ ಸಂಘದ ನಿರ್ದೇಶಕ ಇಂಥ ಮಾತು ಆಡಿದ್ದನ್ನು ಕೇಳಿದ್ದೀರಾ?

ಇಲ್ಲಿ ಊರಲ್ಲಿ ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ಗೇಟಿದೆ. ಪಕ್ಕದ ಕಂಬದಲ್ಲಿ ಕಪ್ಪು ಗ್ರಾನೈಟ್ ಫಲಕ. ಅಧಿಕಾರದಲ್ಲಿದ್ದಾಗ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಅಧ್ಯಕ್ಷರು' ಅಂತ ಕೆತ್ತಿಸಿದ್ದರು. ಅವಧಿ ಮುಗಿಯಿತು. 'ಮಾಜಿ' ಅಂತ ಸೇರಿಸಲು ಜಾಗ ಇರಲಿಲ್ಲ, ಎಡಗಡೆ ಇಕ್ಕಟ್ಟಿನಲ್ಲಿ ಬಿಳಿ ಪೇಂಟಿನಿಂದ ಬರೆಸಿದರು. ಎರಡು ಮಳೆಗಾಲಕ್ಕೆ ಪೇಂಟು ಹೋಯಿತು, ಕೆತ್ತಿದ್ದು ಉಳಿಯಿತು. ಹೀಗಾಗಿ ಅವರು ಈಗ ಪುನಃ ಅಧ್ಯಕ್ಷರು. ಹಾಸನಾಂಬೆ ದರ್ಶನದ ಪಾಸ್ ಸಿಗಬಹುದೇನೋ ಅಂತ ಈಗಲೂ ಜನ ಅವರ ಮನೆಗೇ ಹೋಗುತ್ತಾರೆ.

ಇನ್ನು ಜಿಲ್ಲೆಯ ದೊಡ್ಡ ಉದಾಹರಣೆ ಎದುರಿಗೇ ಇದೆ. ಹರದನಹಳ್ಳಿಯ ದೇವೇಗೌಡರು ಸಿವಿಲ್ ಡಿಪ್ಲೊಮಾ ಮಾಡಿ ಕಂಟ್ರಾಕ್ಟರ್ ಆಗಿದ್ದವರು. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದರು. 1997ರಲ್ಲಿ ಪ್ರಧಾನಿ ಕುರ್ಚಿಯಿಂದ ಇಳಿದರು, ಮರುವರ್ಷವೇ ಹಾಸನದಿಂದ ಲೋಕಸಭೆಗೆ ನಿಂತು ಗೆದ್ದರು. ಆಮೇಲೆ ಸೋಲು, ಗೆಲುವು, ಮತ್ತೆ ಸೋಲು, 2020ರಲ್ಲಿ ರಾಜ್ಯಸಭೆ. ಪ್ರಧಾನಿಯಾಗಿದ್ದವರು ಬರೀ ಎಂಪಿಯಾಗಿ ಕೂರುವುದು ಸಣ್ಣ ಮಾತಲ್ಲ, ಅದಕ್ಕೂ ಗಟ್ಟಿ ಗುಂಡಿಗೆ ಬೇಕು. ಆದರೆ ಅಖಾಡ ಮಾತ್ರ ಅದೇ. ಇಳಿದವನು ಮತ್ತೆ ಅದೇ ಏಣಿ ಹತ್ತಬೇಕು ಅಂತ ನಮ್ಮವರಿಗೆ ರಕ್ತಗತವಾಗಿದೆ.

ತಮಾಷೆ ನೋಡಿ, ಗೆದ್ದ ಮೇಲೆ ಬಿಟ್ಟವನೂ ನಮ್ಮ ಜಿಲ್ಲೆಯಲ್ಲೇ ನಿಂತಿದ್ದಾನೆ, ಶ್ರವಣಬೆಳಗೊಳದಲ್ಲಿ, 58 ಅಡಿ ಎತ್ತರಕ್ಕೆ. 2018ರ ಮಹಾಮಸ್ತಕಾಭಿಷೇಕಕ್ಕೆ ನಮ್ಮ ಮನೆಯವರೆಲ್ಲ ಹೋಗಿದ್ದರು. ದೊಡ್ಡಪ್ಪನೂ. ಬಾಹುಬಲಿ ರಾಜ್ಯ ಬಿಟ್ಟರೆ ಕೈ ಮುಗಿಯುತ್ತಾರೆ, ತಮ್ಮನ ಮಗ ಮ್ಯಾನೇಜರ್ ಕೆಲಸ ಬಿಟ್ಟರೆ ಡಾಕ್ಟರ್ ಹತ್ತಿರ ತೋರಿಸು ಅನ್ನುತ್ತಾರೆ.

ಸರಿ, ದೊಡ್ಡಪ್ಪನ ಕಡೆಯ ಮಾತೂ ಸ್ವಲ್ಪ ಇದೆ. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ನ್ಯೂಜಿಲೆಂಡಿನಲ್ಲಿ ನನ್ನಂಥವನು ಧೈರ್ಯ ಮಾಡುವುದು ಸುಮ್ನೆ ಅಲ್ಲ. 65 ತುಂಬಿದರೆ ಸರ್ಕಾರದ ಪಿಂಚಣಿ ಬರುತ್ತದೆ. ಮೊದಲು ಎಷ್ಟು ಸಂಬಳ ಇತ್ತು, ಯಾವ ಹುದ್ದೆಯಲ್ಲಿದ್ದೆ ಅಂತ ಅದಕ್ಕೆ ಲೆಕ್ಕವಿಲ್ಲ. ದೇಶದೊಳಗೇ ಇದ್ದರೆ ಓದಿನ ಸಾಲಕ್ಕೆ ಬಡ್ಡಿ ಇಲ್ಲ. ಪದವಿ ಇದ್ದವನಿಗೆ ಹೈಸ್ಕೂಲ್ ಮೇಷ್ಟ್ರ ತರಬೇತಿ ಒಂದೇ ವರ್ಷದ್ದು. ಸಕಲೇಶಪುರದ ಕಡೆ ಒಂದಿಷ್ಟು ಕಾಫಿ, ಮದುವೆಗಿರುವ ಮಗಳು, ಬ್ಯಾಂಕಿನ ಸಾಲ ಇಟ್ಟುಕೊಂಡವನು ನನ್ನ ಹಾಗೆ ಬಿಡಲಿ ನೋಡೋಣ. ಅವನ ಕುರ್ಚಿಯಲ್ಲಿ ಅವನೊಬ್ಬನೇ ಕೂತಿರುವುದಿಲ್ಲ, ಮನೆಯವರೆಲ್ಲ ಕೂತಿರುತ್ತಾರೆ. ತಾಲ್ಲೂಕು ಆಫೀಸಿನ ಕೆಲಸ, ಮಗಳ ಸಂಬಂಧ, ಸಾಲದ ನವೀಕರಣ, ಎಲ್ಲಕ್ಕೂ ಆ ಕುರ್ಚಿ ಬೇಕು. ದೊಡ್ಡಪ್ಪ ಹೆದರಿದ್ದು ಅದಕ್ಕೇ.

ಇನ್ನೊಂದೂ ಇದೆ. ನಾನು ಬಿಟ್ಟ ಮರುದಿನವೇ ಆಫೀಸಿನ ಗ್ರೂಪಿನಿಂದ ನನ್ನ ಹೆಸರು ತೆಗೆದರು. ಅದು ಸರಿ, ನಿಯಮವೇ ಹಾಗೆ. ಆದರೆ ಆಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಇಲ್ಲಿ ಹಾಸನದಲ್ಲಿ ನಮ್ಮ ಸಂಬಂಧಿಕರೊಬ್ಬರು ಹಾಲಿನ ಡೈರಿ ಅಧ್ಯಕ್ಷಗಿರಿ ಬಿಟ್ಟು ಮೆಣಸಿನ ಬಳ್ಳಿ ನರ್ಸರಿ ಇಟ್ಟಿದ್ದಾರೆ. ಇಂಥವರೂ ಇದ್ದಾರೆ, ಅಪರೂಪಕ್ಕೆ. ನಾನು ಹೋದ ದಿನ ಇಬ್ಬರು ರೈತರು ಹಸು ವಿಮೆಯ ಫಾರಂ ಹಿಡಿದು ಕೂತಿದ್ದರು. ಇವರು ಮಣ್ಣು ಕೈಯಲ್ಲೇ ಅದನ್ನು ತುಂಬಿಸಿ, ಎಲ್ಲಿ ಸಹಿ ಹಾಕಬೇಕು ಅಂತ ತೋರಿಸುತ್ತಿದ್ದರು. "ಅಧ್ಯಕ್ಷನಾಗಿದ್ದಾಗ ಇಷ್ಟು ಜನ ಬರ್ತಿರ್ಲಿಲ್ಲ ಕಣೋ" ಅಂದರು. ಆಮೇಲೆ ನನ್ನನ್ನೂ ಕೂರಿಸಿಕೊಂಡು, ಮಗನಿಗೆ ಗಣಿತ ಕಷ್ಟ, ಹೇಗಿದ್ರೂ ಮೇಷ್ಟ್ರಾಗ್ತಿದ್ದೀಯಲ್ಲ, ಇರೋಷ್ಟು ದಿನ ಸಂಜೆ ಬಂದು ಹೇಳಿಕೊಡು ಅಂದರು. ಊರಲ್ಲಿ ಕೆಲಸ ಬಿಟ್ಟದ್ದು ಯಾಕೆ ಅಂತ ಕೇಳದೆ ಇದ್ದವರು ಅವರೊಬ್ಬರೇ.