ಬೆಳದಿಂಗಳ ಉಳಿತಾಯ

ನಮ್ಮ ಓಣಿಯ ಮೂಲೆಯ ಬೀದಿದೀಪ ಮಟಮಟ ಮಧ್ಯಾಹ್ನವೂ ಉರಿಯುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ನೂರು ವರ್ಷದ ಹಿಂದಿನ ಮುನಸಿಪಾಲ್ಟಿ ಮೆಂಬರರ ನೆನಪಾಗುತ್ತದೆ. ಅವರು ಚಂದ್ರನನ್ನೂ ಪಗಾರವಿಲ್ಲದೆ ದುಡಿಸಿಕೊಂಡವರು.

ಆಗ ಬೀದಿದೀಪವೆಂದರೆ ಕಂಬದ ತುದಿಗೆ ಗಾಜಿನ ಗೂಡು, ಅದರೊಳಗೊಂದು ಸೀಮೆಎಣ್ಣೆ ದೀಪ. ಸಂಜೆಯಾದರೆ ಒಬ್ಬಾತ ಹೆಗಲಿಗೆ ಏಣಿ, ಕೈಗೆ ಎಣ್ಣೆಡಬ್ಬಿ ಹಿಡಿದು ಕಂಬದಿಂದ ಕಂಬಕ್ಕೆ ಹೋಗಬೇಕು. ಎಣ್ಣೆಗೆ ರೊಕ್ಕ ಬೇಕು. ಆದ್ದರಿಂದ ಬೆಳದಿಂಗಳಿದ್ದ ರಾತ್ರಿ ದೀಪ ಹಚ್ಚುವುದು ಬೇಡ ಎಂಬ ವಾಡಿಕೆ ಎಷ್ಟೋ ಊರುಗಳಲ್ಲಿತ್ತು. ನಮ್ಮ ಬಡತನವೆಂದು ನಾಚಬೇಕಿಲ್ಲ. ಅಮೆರಿಕದ ಸಣ್ಣ ಊರುಗಳ ಹಿರಿಯರೂ ಇದೇ ಲೆಕ್ಕ ಹಾಕುತ್ತಿದ್ದರು.

ಹೇಳಿದಷ್ಟು ಸುಲಭದ ಲೆಕ್ಕವಲ್ಲ ಅದು. ಹುಣ್ಣಿಮೆ ಕಳೆಯಿತೆಂದರೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡ ಮಾಡಿ ಬರುತ್ತಾನೆ. ಚೌತಿಯ ದಿನ ಅವನು ಮೂಡುವವರೆಗೆ ಊರಿಗೆ ಬೆಳಕು ಯಾರದು? ಶ್ರಾವಣದಲ್ಲಿ ಮೋಡ ಮುಚ್ಚಿದರೆ ಹುಣ್ಣಿಮೆಯನ್ನು ಹುಣ್ಣಿಮೆಯೆಂದು ಹಿಡಿಯಬೇಕೋ, ಅಮಾವಾಸ್ಯೆಯೆಂದೋ? ಇಂಗ್ಲಿಷರ ಕಾಯಿದೆಯಿಂದ ಹುಟ್ಟಿದ ಕಚೇರಿಗೆ ನಮ್ಮ ಪಂಚಾಂಗದ ಗರಜು ಬೀಳುವುದು ಇಂಥಲ್ಲಿ. ಮೋಡ ಕವಿದ ಹುಣ್ಣಿಮೆಯಲ್ಲಿ ಯಾರೋ ಗಟಾರಕ್ಕೆ ಬಿದ್ದರೆ ತಪ್ಪು ಮುನಸಿಪಾಲ್ಟಿಯದಲ್ಲ, ಮಳೆರಾಯನದು.

ನಮ್ಮ ಕಡೆ ಈ ಸಂಸ್ಥೆಗಳು ಬಲು ಹಳೆಯವು. 1850ರ ಕಾಯಿದೆಯ ಬಲದಿಂದ ಹುಬ್ಬಳ್ಳಿಗೆ 1855ರಲ್ಲೇ ಮುನಸಿಪಾಲ್ಟಿ ಬಂತು. 1882ರಲ್ಲಿ ವೈಸರಾಯ್ ರಿಪ್ಪನ್ ಸಾಹೇಬರು ಊರಿನ ಕಾರಭಾರ ಊರವರೇ ಕಲಿಯಲಿ ಎಂದ ಮೇಲೆ, ಸರಕಾರ ನೇಮಿಸಿದವರ ಜೊತೆಗೆ ಆರಿಸಿ ಬಂದವರೂ ಕುರ್ಚಿಗಳಲ್ಲಿ ಕೂತರು. ಒಬ್ಬ ವಕೀಲರು, ಒಬ್ಬ ಅಡತಿ ಸಾವಕಾರರು, ಪೆನ್ಶನ್ ಆದ ಒಬ್ಬ ಮಾಸ್ತರು. ನಾನು ಅಂಥ ಸಭೆ ಕಂಡವನಲ್ಲ. ಆದರೆ ಈಗಿನ ಸಭೆಯೊಂದರಲ್ಲಿ ಅರ್ಧ ದಿನ ಕೂತಿದ್ದೆ. ಕರೆಂಟು, ಮೈಕು, ನೀರಿನ ಬಾಟ್ಲಿ ತೆಗೆದುಬಿಟ್ಟರೆ ಉಳಿಯುವುದೇ ಆ ಸಭೆ ಎಂದು ನನ್ನ ಗುಮಾನಿ.

ಮೊದಲ ವಿಷಯ ಎಮ್ಮೆ. ದಾರಿತಪ್ಪಿದ ದನಗಳನ್ನು ಕೊಂಡವಾಡಕ್ಕೆ ಹಾಕಲು 1871ರಿಂದಲೇ ಕಾಯಿದೆಯುಂಟು. ದಂಡ, ಮೇಲೆ ಮೇವಿನ ಖರ್ಚು. ಕೊಟ್ಟು ಬಿಡಿಸಿಕೊಳ್ಳದಿದ್ದರೆ ಹರಾಜು. ಕಾಯಿದೆಯಲ್ಲಿ ಎಲ್ಲ ಬರೆದಿದೆ, ಎಮ್ಮೆ ಸಾವಕಾರರ ಬೀಗರದಾದರೆ ಏನು ಮಾಡಬೇಕೆಂಬುದೊಂದನ್ನು ಬಿಟ್ಟು. ಆಮೇಲೆ ಜಕಾತಿ. ಊರ ಬಾಯಿಗೆ ನಾಕಾ ಇಟ್ಟು, ಒಳಗೆ ಬರುವ ಸರಕಿನ ಮೇಲೆ ವಸೂಲಿ. ಸರಕು ಕಡಿಮೆ ತೋರಿಸುವ ಕಲೆಗೂ ಚೀಲಕ್ಕೆ ಚುಚ್ಚಿ ನೋಡುವ ನಾಕೇದಾರನ ಕಲೆಗೂ ತಲೆಮಾರುಗಳ ಪೈಪೋಟಿ. ಕರ್ನಾಟಕದಲ್ಲಿ ಜಕಾತಿ ಹೋದದ್ದು 1979ರಲ್ಲಿ. ಕಟ್ಟೆ ಹೋದರೂ ಹೆಸರು ಹೋಗಿಲ್ಲ: ಬೆಂಗಳೂರಿನಲ್ಲಿ ಸುಂಕದಕಟ್ಟೆಗೆ ಟಿಕೆಟು ಕೇಳುವವರು ಈಗ ಸುಂಕ ಕೊಡುವುದು ಕಂಡಕ್ಟರಿಗೆ.

ಇಂಥ ಸಭೆಯೊಳಗೆ ಒಂದು ದಿನ ಮೋಟಾರು ಬಂತು.

ಊರ ಹುಡುಗರಿಗೆ ಅದು ಬೆರಗು. ಸಭೆಗೆ ಬರುವಾಗ ತಕರಾರು ಅರ್ಜಿಯಾಗಿಯೇ ಬಂದಿರಬೇಕು. ನಮ್ಮ ಕಡೆಯೂ ಆಗ ಸೇರಿದ್ದ ಮುಂಬಯಿ ಪ್ರಾಂತದ 1901ರ ಕಾಯಿದೆ ಗಾಡಿಗೆ, ಸವಾರಿ ಕುದುರೆಗೆ, ಹೇರು ಹೊರುವ ದನಕ್ಕೆ, ಕಡೆಗೆ ನಾಯಿಗೂ ತೆರಿಗೆ ಹಾಕಬಹುದೆಂದಿತ್ತು. ಮೋಟಾರು ಗಾಡಿಯೇ, ಸರಿ. ಆದರೆ ಹುಲ್ಲು ತಿನ್ನದ, ಸಗಣಿ ಹಾಕದ ಇದಕ್ಕೆ ಟಾಂಗಾದ ದರವೋ, ಬೇರೆ ದರವೋ? ವಕೀಲರಿಗೆ ಒಂದು ಮಧ್ಯಾಹ್ನಕ್ಕೆ ಸಾಲುವಷ್ಟು ವಿಷಯ.

ವೇಗದ ಮಾತಿಗೆ ವಿಲಾಯತಿಯ ಕಥೆ ಕೇಳಬೇಕು. ಅಲ್ಲಿ 1865ರ ಕಾಯಿದೆಯಂತೆ ಉಗಿಗಾಡಿಗೆ ಊರೊಳಗೆ ತಾಸಿಗೆ 2 ಮೈಲಿ, ಮುಂದೆ 60 ಗಜ ದೂರದಲ್ಲಿ ಕೆಂಪು ಬಾವುಟ ಹಿಡಿದವನೊಬ್ಬ ನಡೆಯಬೇಕು. 1896ರಲ್ಲಿ ಮಿತಿಯನ್ನು 14 ಮೈಲಿಗೆ ಏರಿಸಿದರು. ನಮ್ಮಲ್ಲಿ ಬಾವುಟದವನ ಖರ್ಚು ಬೇಕಿರಲಿಲ್ಲ, ಎಮ್ಮೆಗಳೇ ಆ ಕೆಲಸ ಮಾಡುತ್ತಿದ್ದವು. ಇಂಡಿಯಾದ ಮೋಟಾರು ಕಾಯಿದೆ 1914ರಲ್ಲಿ ಬಂದು ಲೈಸೆನ್ಸು, ನೋಂದಣಿ, ಓಡಿಸುವವನಿಗೆ 18 ವರ್ಷ ಎಂದೆಲ್ಲ ಗೊತ್ತುಮಾಡಿತು. ಎಮ್ಮೆಗಳ ವಿಚಾರದಲ್ಲಿ ಅದೂ ಕೈಚೆಲ್ಲಿರಬೇಕು.

ದೊಡ್ಡ ರಗಳೆಯೆಂದರೆ ಧೂಳು. ಆಗಿನ ಒಳ್ಳೆಯ ರಸ್ತೆಯೆಂದರೆ ಖಡಿ ಹಾಸಿ, ಮೇಲೆ ಮುರುಮು ಹರವಿ, ನೀರು ಹೊಡೆದು ರೋಲರು ಎಳೆದದ್ದು. ಚಕ್ಕಡಿಯ ಕಬ್ಬಿಣದ ಪಟ್ಟಿ ಖಡಿಯನ್ನು ಅರೆದು ಪುಡಿ ಮಾಡುತ್ತಿತ್ತು. ಆ ಪುಡಿಯೇ ಸಂದಿಗಳಲ್ಲಿ ಕೂತು ಕಲ್ಲನ್ನು ಹಿಡಿದಿಡುತ್ತಿತ್ತು. ಚಕ್ಕಡಿ ರಸ್ತೆಯನ್ನು ಸವೆಸಿದ್ದೂ ನಿಜ, ಸಾಕಿದ್ದೂ ನಿಜ. ಮೋಟಾರಿನ ರಬ್ಬರು ಗಾಲಿ ಅರೆಯಲಿಲ್ಲ. ವೇಗದಿಂದ ಹೋಗುತ್ತ ಆ ಪುಡಿಯನ್ನು ಹೀರಿ ಗಾಳಿಗೆ ತೂರಿತು. ರಸ್ತೆಯ ಜೀವವೆಲ್ಲ ಎದ್ದು ಮಿಠಾಯಿ ಅಂಗಡಿಯ ಪೇಡೆಗಳ ಮೇಲೆ ಕೂತಿತು. ಇದು ನಮ್ಮೊಬ್ಬರದೇ ಗೋಳಲ್ಲ: 1908ರಲ್ಲಿ ಪ್ಯಾರಿಸಿನಲ್ಲಿ ದೇಶದೇಶಗಳ ಇಂಜಿನಿಯರುಗಳು ಸೇರಿ ಮೋಟಾರು ಮತ್ತು ರಸ್ತೆಯ ಇದೇ ಜಗಳವನ್ನು ಚರ್ಚಿಸಿದರು. ಅವರಿಗೆ ಡಾಂಬರು ಕಂಡಿತು.

ನಮ್ಮವರಿಗೆ ಕಂಡದ್ದು ನೀರಿನ ಬಂಡಿ. ಎರಡು ಎತ್ತು, ಒಂದು ಪೀಪಾಯಿ, ಹಿಂದೆ ತೂತು ಕೊರೆದ ಕೊಳವೆ. ನನ್ನ ಕಣ್ಣಿಗೆ ಕಟ್ಟುವುದು ಹೀಗೆ:

‘ಪೇಟೆ ತುಂಬ ಧೂಳಾಗೇದ, ದಿನಾ ಎರಡು ಸಲ ನೀರು ಹೊಡೀಬೇಕ್ರಿ,’ ಎನ್ನುತ್ತಾರೆ ಸಾವಕಾರರು.

‘ಸಾವಕಾರ್ರ, ಚೈತ್ರದಾಗ ಕುಡಿಯಾಕ ನೀರಿಲ್ಲ. ರಸ್ತೆಗೆ ಕುಡಸೋಣೇನು?’ ಮಾಸ್ತರರ ಪ್ರಶ್ನೆ.

‘ಹಂಗಾದ್ರ ಮೋಟಾರಿನವರಿಗೆ ಹೇಳ್ರಿ, ಸಾವಕಾಶ ಹೋಗ್ರಿ ಅಂತ.’

‘ಮೋಟಾರು ಕಲೆಕ್ಟರ ಸಾಹೇಬರದು, ಸಾವಕಾರ್ರ.’

ಈ ಮಾತಿನ ಮೇಲೆ ಸಭೆ ಸ್ವಲ್ಪ ಹೊತ್ತು ಎಲೆಅಡಿಕೆ ಹಾಕಿಕೊಂಡಿತು. ಕೊನೆಗೆ ಠರಾವು: ನೀರು ಒಂದೇ ಸಲ, ಅದೂ ಕಚೇರಿಯಿಂದ ಸಾವಕಾರರ ಅಂಗಡಿಯವರೆಗೆ. ಅದರ ಕೆಳಗೇ ಇನ್ನೊಂದು: ಹೊಸ ಏಣಿಗೆ ಮಂಜೂರಿ.

ಅಂಥವರು ಈಗಿಲ್ಲವೆಂದು ಕೊರಗುವಷ್ಟು ನಾನು ಹುಂಬನಲ್ಲ. ಎಣ್ಣೆ ಉಳಿದರೂ ಕತ್ತಲೆ ಮೊದಲು ಬೀಳುತ್ತಿದ್ದದ್ದು ಮೆಂಬರರಿಲ್ಲದ ಕೇರಿಗಳಲ್ಲೇ ಇದ್ದೀತು. ಆದರೂ ನಡುಹಗಲಿನ ಆ ದೀಪ ನೋಡಿ ಸುಮ್ಮನಿರಲಾಗದೆ ಒಮ್ಮೆ ಕಚೇರಿಗೆ ಫೋನು ಮಾಡಿದೆ.

‘ನಮ್ಮ ಓಣಿ ದೀಪ ಹಗಲೆಲ್ಲ ಉರೀತದ್ರಿ.’

ಆ ಕಡೆಯಿಂದ ಬಲು ಕಾಳಜಿಯ ದನಿ ಬಂತು: ‘ರಾತ್ರಿ ಉರೀತದಿಲ್ರಿ ಸರ?’

‘ಉರೀತದ.’

‘ಮತ್ತೇನ್ರಿ ತಕರಾರು?’