ದವಡೆ ಮುರಿದ ಹಾಗೆ ಕಾಣುವ ಹಾವಿಗೆ ವಿಷವಿದೆಯಾ?

"ಮಾರಿಷಸ್‌ನಲ್ಲಿ ಬಣ್ಣ ಬದಲಿಸುವ ಹಾವಿದೆ, ಅದಕ್ಕೆ ಎರಡು ದವಡೆ, ಕಚ್ಚಿದರೆ ಸಾವು ಖಂಡಿತ" ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಹಾವು ನಿಜ, ಸಾವಿನ ಮಾತು ಸುಳ್ಳು.

ಇದು ರೌಂಡ್ ಐಲ್ಯಾಂಡ್ ಬೋವಾ. ಮಾರಿಷಸ್‌ನ ಉತ್ತರಕ್ಕೆ ಸುಮಾರು 22 ಕಿ.ಮೀ. ದೂರದ ರೌಂಡ್ ಎಂಬ ಪುಟ್ಟ ದ್ವೀಪದ್ದು. ಇದಕ್ಕೆ ವಿಷವೇ ಇಲ್ಲ. ಹಲ್ಲಿ, ಹಾವರಾಣಿಗಳನ್ನು ಸುತ್ತಿ ಹಿಡಿದು ತಿನ್ನುತ್ತದೆ, ಅಷ್ಟೇ.

ಎರಡು ದವಡೆ ಅನ್ನೋದು ಬಂದಿದ್ದು ಎಲ್ಲಿಂದ ಗೊತ್ತಾ? ಇದರ ಮೇಲ್ದವಡೆಯ ಮೂಳೆ ಪ್ರತಿ ಪಕ್ಕದಲ್ಲೂ ಹಿಂದೆ ಮುಂದೆ ಎರಡು ತುಂಡಾಗಿದ್ದು, ನಡುವೆ ಬಾಗಿಲ ತಿರುಗಣಿಯಂತೆ ಕೀಲಿದೆ, ಹಾಗಾಗಿ ನುಣುಪು ಮೈಯ ಹಾವರಾಣಿ ಜಾರಿಹೋಗದಂತೆ ಬಿಗಿಯಾಗಿ ಹಿಡಿಯಬಹುದು. ಈ ರಚನೆ ಇರೋದು ಇದು ಮತ್ತು ಇದರ ಒಂದೇ ಒಂದು ಹತ್ತಿರದ ಬಂಧುವಿನಲ್ಲಿ ಮಾತ್ರ. ಆ ಬಂಧು 1975ರ ನಂತರ ಯಾರಿಗೂ ಕಂಡಿಲ್ಲ. ನೆನೆದರೆ ಬೇಜಾರಾಗುತ್ತೆ.

ಬಣ್ಣದ ಮಾತು ಮಾತ್ರ ನಿಜ. ಹಗಲು ಗಾಢ, ರಾತ್ರಿ ತುಸು ತಿಳಿ. ಮರಿಗಳು ಕಿತ್ತಳೆ ಬಣ್ಣದವು, ದೊಡ್ಡವು ಕಂದು. ಉದ್ದ ಜಾಸ್ತಿ ಎಂದರೆ ಒಂದೂವರೆ ಮೀಟರ್, ಮೈ ಸಣಕಲು, ಹುರುಪೆ ಚಿಕ್ಕದು, ಒಂದೊಂದರ ಮೇಲೂ ಸಣ್ಣ ಏಣು. ಬೋವಾ ಎಂಬ ಗುಂಪಿನ ಹಾವುಗಳು ಸಾಮಾನ್ಯವಾಗಿ ಮರಿ ಹಾಕುತ್ತವೆ. ಇದರ ಹೆಸರಲ್ಲಿ ಬೋವಾ ಇದ್ದರೂ ಮರಿ ಹಾಕಲ್ಲ, ಮೊಟ್ಟೆ ಇಡುತ್ತೆ.

ಜನ ತಂದು ಬಿಟ್ಟ ಮೇಕೆ, ಮೊಲಗಳು ದ್ವೀಪದ ಹಸಿರನ್ನೆಲ್ಲ ಮೇಯ್ದು ಈ ಹಾವನ್ನು ಅಳಿವಿನ ಅಂಚಿಗೆ ತಂದಿದ್ದವು. 1986ರ ಹೊತ್ತಿಗೆ ಅವನ್ನು ಪೂರ್ತಿ ತೆಗೆದರು. ಗಿಡಗಳು ಚಿಗುರಿದವು, ಹಾವೂ ಚೇತರಿಸಿಕೊಂಡಿತು. 2012ರಲ್ಲಿ ಕೆಲವನ್ನು ಪಕ್ಕದ ಇನ್ನೊಂದು ದ್ವೀಪಕ್ಕೂ ಬಿಟ್ಟಿದ್ದಾರೆ.